ಮಣ್ಣಾಗೋ ತನಕ

ಶಿವಕಾಂತಮ್ಮ ನೆನೆದ ತೊಗರಿಗೆ ಕೆಮ್ಮಣ್ಣು ಹಚ್ಚುತ್ತಿದ್ದಳು. ಅಂಗಳದಲ್ಲಿ ಗೋಣಿತಾಟು ಹಾಸಿ, ಮಡಚಲು ಬಾರದ ಎಡಗಾಲನ್ನು ಉದ್ದಕ್ಕೆ ಚಾಚಿ, ಬುಟ್ಟಿಯೊಳಗೆ ಎರಡೂ ಕೈ ಇಟ್ಟು ಕಾಳುಗಳನ್ನು ಮಣ್ಣಿನ ಬಗ್ಗಡದಲ್ಲಿ ಹೊರಳಿಸುತ್ತಿದ್ದಳು. ಸೇಡಮ್ ತಾಲೂಕಿನ ಮುಧೋಳದಲ್ಲಿ ಈಗ ಯಾರೂ ಮನೆಯಲ್ಲಿ ಬೇಳೆ ಒಡೆಯುವುದಿಲ್ಲ, ಸೇಡಮಿನ ಗಿರಣಿಗೆ ಹಾಕಿ ತರುತ್ತಾರೆ. ಆದರೆ ಮಣ್ಣು ಹಚ್ಚಿ, ಗುಡ್ಡೆ ಹಾಕಿ ಮುಚ್ಚಿಟ್ಟು, ಬಿಸಿಲಿಗೆ ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆದ ಬೇಳೆಯೇ ಬೇಳೆ ಎಂದು ಅವಳ ಹಟ. ಬೇರೆ ಹಟಗಳೆಲ್ಲ ಹೋಗಿ ಇದೊಂದು ಉಳಿದಿತ್ತು.

ಮೊಮ್ಮಗಳು ಶೈಲಶ್ರೀ ಎದುರಿಗೆ ಕುಳಿತು ಇನ್ನೊಂದು ಬುಟ್ಟಿಗೆ ಕೈ ಹಾಕಿದ್ದಳು. ಚಿತ್ತಾಪುರದ ಸರಕಾರಿ ದವಾಖಾನೆಯಲ್ಲಿ ಅವಳು ನರ್ಸು. ಅಲ್ಲೇ ಒಂದು ಖೋಲಿ ಹಿಡಿದು ಇರುತ್ತಾಳೆ, ಹದಿನೈದು ದಿನಕ್ಕೊಮ್ಮೆ ಅಜ್ಜಿಯನ್ನು ನೋಡಲು ಬರುತ್ತಾಳೆ. ಬಂದ ದಿನ ಮಾತು ಕಡಿಮೆ, ಕೆಲಸ ಹೆಚ್ಚು. ಆ ದಿನ ಮಾತ್ರ ಅವಳೇ ಬಾಯಿ ತೆರೆದಳು.

"ಲಾಲಮ್ಮ ಬಂದಿದ್ಲು ಆಯಿ, ದವಾಖಾನಿಗಿ. ಸಕ್ಕರಿ ಕಾಯಿಲಿ ಭಾಳ ಆಗ್ಯದ. ಕಣ್ಣು ಮಂಜಾಗ್ಯಾವ."

ಶಿವಕಾಂತಮ್ಮನ ಕೈ ನಿಲ್ಲಲಿಲ್ಲ. ಯಾವ ಲಾಲಮ್ಮ ಎಂದು ಕೇಳಲೂ ಇಲ್ಲ.

ಶೈಲಶ್ರೀ ಮುಂದುವರಿಸಿದಳು. ಲಾಲಮ್ಮನಿಗೆ ಇವಳು ಯಾರ ಮಗಳೆಂದು ಮೊದಲ ದಿನದಿಂದಲೂ ಗೊತ್ತಂತೆ. ಗೊತ್ತಿದ್ದೂ ಇವಳ ಕೈಯಿಂದಲೇ ಸೂಜಿ ಹಾಕಿಸಿಕೊಳ್ಳುತ್ತಾಳಂತೆ. ಈ ಸಲ ಬಂದಾಗ ಒಂದು ಸಂಗತಿ ಹೇಳಿದಳಂತೆ. ಶಹಾಬಾದಿನ ಆಚೆಗಿನ ಹಳೆಯ ಫರಸಿ ಕಲ್ಲಿನ ಖಣಿಗಳನ್ನೆಲ್ಲ ಮುಚ್ಚಿ ಸಪಾಟು ಮಾಡುತ್ತಿದ್ದಾರೆ, ಪ್ಲಾಟು ಹಾಕುತ್ತಾರಂತೆ, ಜೆಸಿಬಿ ಬಂದು ನಿಂತಿವೆ, ದಿನಕ್ಕೆ ನಲವತ್ತು ಟಿಪ್ಪರ್ ಮಣ್ಣು ಬೀಳುತ್ತಿದೆ ಎಂದು. ಅಲ್ಲಿ ಎಲ್ಲೋ ಒಂದು ಕಡೆ ನನ್ನ ಮಗ ಇದ್ದಾನೆ, ಇನ್ನು ಮೇಲೆ ಅವನ ಮೇಲೆ ಯಾರದೋ ಮನೆ ಏಳುತ್ತದೆ ಎಂದು ಹೇಳಿ, ಚೀಟಿ ತೆಗೆದುಕೊಂಡು ಹೋದಳಂತೆ.

"ಹುಣಸಿಗಿಡದ ಖಣಿನೂ ಮುಚ್ಚತಾರಂತೇನು?" ಶಿವಕಾಂತಮ್ಮ ಕೇಳಿದಳು.

ಕೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಶೈಲಶ್ರೀಯ ಕೈ ಬುಟ್ಟಿಯಲ್ಲೇ ನಿಂತಿತ್ತು.

"ಹುಣಸಿಗಿಡದ ಖಣಿ ಅಂತ ಒಂದದ ಅನ್ನೂದು ನಿನಗ ಹ್ಯಾಂಗ ಗೊತ್ತು?"

"ನಿಮ್ಮಪ್ಪ ಅಲ್ಲೇ ಇದ್ದನಲ್ಲವ್ವ, ಮಾಲಕನ ಹಂತ್ಯಾಕ ಕೆಲಸಕ್ಕ."

ಶೈಲಶ್ರೀ ಕೈ ತೊಳೆದುಕೊಂಡು ಒಳಗೆ ಹೋದಳು.

ಶೈಲಶ್ರೀಯ ಅಪ್ಪ ಸಂಗಮೇಶ್ವರ ಒಂದು ಕಾಲಕ್ಕೆ ಫೌಜದಾರನಾಗಿದ್ದ. ಗಂಡ ಸತ್ತ ಮೇಲೆ ಶಿವಕಾಂತಮ್ಮ ಸೇಡಮಿನ ಒಂದು ಹಾಸ್ಟೆಲಿನಲ್ಲಿ ರೊಟ್ಟಿ ಬಡಿದು ಅವನನ್ನು ಓದಿಸಿದ್ದಳು. ಮೊದಲ ಠಾಣೆ ಚಿಂಚೋಳಿ. ಹೊಸ ಯೂನಿಫಾರಂ ಹಾಕಿಕೊಂಡು ಅವ್ವನನ್ನು ಜೀಪಿನಲ್ಲಿ ಕೂರಿಸಿ ಚಂದ್ರಂಪಳ್ಳಿಯ ಕೆರೆ ತೋರಿಸಿಕೊಂಡು ಬಂದಿದ್ದ. ಅಷ್ಟು ನೀರನ್ನು ಒಂದೇ ಕಡೆ ಅವಳು ಅದೇ ಮೊದಲು ಕಂಡದ್ದು. ಆಮೇಲೆ ಚಿತ್ತಾಪುರ, ವಾಡಿ, ಶಹಾಬಾದ. ಶಹಾಬಾದಿಗೆ ಬರುವ ಹೊತ್ತಿಗೆ ಕೈ ಹೊಲಸಾಗಿತ್ತು. ಲಂಚದ ಕೇಸಿನಲ್ಲಿ ಸಿಕ್ಕಿಬಿದ್ದು ನೌಕರಿ ಹೋಯಿತು. ನೌಕರಿ ಹೋದರೂ ಫೌಜದಾರ ಎಂಬ ಹೆಸರು ಹೋಗಲಿಲ್ಲ, ಆ ಹೆಸರಿಗೆ ಹೆದರುವ ಮಂದಿಯೂ ಹೋಗಲಿಲ್ಲ. ಒಬ್ಬ ಖಣಿ ಮಾಲಕ ಅವನನ್ನು ಕರೆದು ಕೂಲಿಗಳನ್ನು ನೋಡಿಕೊಳ್ಳಲು ಇಟ್ಟುಕೊಂಡ.

ಅದೇ ಖಣಿಯಲ್ಲಿ ಬಂಡೆ ಜಾರಿ ಒಬ್ಬ ಕೂಲಿ ಸತ್ತ. ಸತ್ತವನ ಹೆಂಡತಿಗೆ ಪರಿಹಾರ ಕೊಡಬೇಕೆಂದು ಮೂವರು ಹುಡುಗರು ಮಂದಿಯ ಸಹಿ ಕೂಡಿಸಿ ಅರ್ಜಿ ಹಾಕಿದರು. ಲಾಲಮ್ಮನ ಮಗ ದೇವಾನಂದ ಆ ಮೂವರಲ್ಲಿ ಹಿರಿಯ, ಇಪ್ಪತ್ತಾರು ವರ್ಷದವನು. ಒಂದು ವಾರದೊಳಗೆ ಮೂವರೂ ಕಾಣೆಯಾದರು. ಇಬ್ಬರ ಹೆಣ ವಾಡಿಯ ಹತ್ತಿರ ರೈಲು ಹಳಿಯ ಪಕ್ಕ ಸಿಕ್ಕವು; ರೈಲಿಗೆ ಸಿಕ್ಕವರಂತೆ ಮಲಗಿಸಿದ್ದರು, ಆದರೆ ಸತ್ತದ್ದು ರೈಲಿಗಲ್ಲ ಎಂದು ಡಾಕ್ಟರರು ಬರೆದರು. ದೇವಾನಂದ ಮಾತ್ರ ಸಿಗಲಿಲ್ಲ.

ಸಂಗಮೇಶ್ವರನನ್ನು ಹಿಡಿದಾಗ ಶೈಲಶ್ರೀಗೆ ಏಳು ವರ್ಷ. ಕೆಳಗಿನ ಕೋರ್ಟು, ಮೇಲಿನ ಕೋರ್ಟು, ದಿಲ್ಲಿಯ ಕೋರ್ಟು, ಕಡೆಗೆ ದಯೆಯ ಅರ್ಜಿ ಎಂದು ಹನ್ನೆರಡು ವರ್ಷ ನಡೆಯಿತು. ಹೆಂಡತಿ ಚಂದ್ರಕಲಾ ಆ ಓಡಾಟದ ನಡುವೆಯೇ ಕಾಮಾಲೆಯಾಗಿ ತೀರಿಕೊಂಡಳು. ಒಂದು ಕಾಲಕ್ಕೆ ಕಾನೂನು ಕಾಯುತ್ತಿದ್ದವನೇ ಮೂವರನ್ನು ಕೊಂದ ಎಂದು ಕೋರ್ಟು ಬರೆದು ಗಲ್ಲಿನ ಶಿಕ್ಷೆಯನ್ನು ಗಟ್ಟಿ ಮಾಡಿತು. ದೇವಾನಂದ ಎಲ್ಲಿ ಎಂದು ಎಷ್ಟು ಸಲ ಕೇಳಿದರೂ ಸಂಗಮೇಶ್ವರ ಗೊತ್ತಿಲ್ಲ ಎಂದೇ ಹೇಳಿದ. ಹೆಣ ಸಿಗದಿದ್ದರೆ ಒಂದು ಆಸೆ ಇರುತ್ತದೆ ಎಂದು ವಕೀಲ ಹೇಳಿದ್ದ.

ಕೊನೆಯ ಮುಲಾಖತ್ತಿಗೆ ಶಿವಕಾಂತಮ್ಮ ಒಬ್ಬಳೇ ಹೋದಳು. ದೂರದ ಜೈಲು, ಒಂದು ಹಗಲು, ಒಂದು ರಾತ್ರಿಯ ದಾರಿ. ಸಂಗಮೇಶ್ವರ ಇಳಿದುಹೋಗಿದ್ದ, ಕೊರಳಲ್ಲಿ ಲಿಂಗದ ವಸ್ತ್ರ ಮಾತ್ರ ಹೊಸದಾಗಿತ್ತು. ದಿಲ್ಲಿಯಲ್ಲಿ ವಕೀಲ ಇನ್ನೂ ಒಂದು ಅರ್ಜಿ ಹಿಡಿದು ಕುಳಿತಿದ್ದಾನೆ, ಬೆಳಗಿನೊಳಗೆ ತಡೆ ಬಂದರೂ ಬರಬಹುದು ಎಂದ. ಶೈಲಶ್ರೀ ಏನು ಓದುತ್ತಿದ್ದಾಳೆ ಎಂದು ಕೇಳಿದ. ಆಮೇಲೆ ಜಾಳಿಗೆಗೆ ಬಾಯಿ ಹಚ್ಚಿ, ದೇವಾನಂದ ಇರುವ ಜಾಗ ಹೇಳಿದ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

"ಯವ್ವಾ, ನನ್ನ ಮಣ್ಣಾಗೋ ತನ ಯಾರ ಮುಂದೂ ಬಾಯಿ ಬಿಡಬ್ಯಾಡ. ಲಿಂಗ ಮುಟ್ಟು."

ಅವಳು ಸೆರಗಿನೊಳಗೆ ಕೈ ಹಾಕಿ ತನ್ನ ಲಿಂಗ ಮುಟ್ಟಿದಳು. ಅಷ್ಟರಲ್ಲಿ ಹೊತ್ತಾಯಿತೆಂದು ಕಾವಲಿನವರು ಬಂದರು.

ತಡೆ ಬರಲಿಲ್ಲ. ಮರುದಿನ ಬೆಳಕು ಹರಿಯುವ ಮೊದಲು ಅವನನ್ನು ಗಲ್ಲಿಗೇರಿಸಿದರು. ಇತ್ತ ಮುಧೋಳದಲ್ಲಿ ಹೊಲದ ಮೂಲೆಯಲ್ಲಿ ಕುಣಿ ತೋಡಿಸಿ, ಕೂರಿಸಲು ಗೂಡು ಮಾಡಿಸಿ, ಊರ ಜಂಗಮರಾದ ಗುರುಲಿಂಗಯ್ಯನವರು ವಿಭೂತಿ, ಪತ್ರೆ ಇಟ್ಟುಕೊಂಡು ಕಾಯುತ್ತಿದ್ದರು. ಊರಲ್ಲಿ ನಾಲ್ಕು ಮಂದಿ ಬೇಡ ಅಂದರೂ, ನಾನು ಲಿಂಗ ಕಟ್ಟಿದ ಮಗು ಅದು, ಮಣ್ಣು ಕೊಡುವುದು ನನ್ನ ಕೆಲಸ ಎಂದು ಅವರು ಬಂದಿದ್ದರು.

ಹೆಣ ತರಲು ಹೋಗಿದ್ದವನು ಶಿವಕಾಂತಮ್ಮನ ತಮ್ಮನ ಮಗ ರಮೇಶಕುಮಾರ. ಜೈಲಿನ ಬಾಗಿಲಲ್ಲಿ ಕ್ಯಾಮೆರಾ ಹಿಡಿದ ಮಂದಿ, ಪೊಲೀಸ್ ವ್ಯಾನು ನೋಡಿ ಅವನ ಎದೆ ಒಡೆದಿತ್ತು. ಒಯ್ಯುತ್ತೀರೋ, ಇಲ್ಲೇ ಮುಗಿಸೋಣವೋ ಎಂದು ಅಲ್ಲಿನವರು ಕೇಳಿದಾಗ, "ಮಣ್ಣು ಇಲ್ಲೇ ಆಗ್ಲಿರಿ" ಎಂದು ಕಾಗದಕ್ಕೆ ಸಹಿ ಹಾಕಿದ. ನಮ್ಮ ಕಡೆಯಲ್ಲಿ ಮಣ್ಣು ಎಂದರೆ ಮಣ್ಣೇ, ಹೂಳುವುದೇ. ಬೇರೆ ಏನಾದರೂ ಆದೀತೆಂದು ಅವನ ತಲೆಗೆ ಹೊಳೆಯಲಿಲ್ಲ. ಅಲ್ಲಿನವರಿಗೆ ಅದು ಶವದ ಕೆಲಸಕ್ಕೆ ಈ ಕಡೆಯ ಮಂದಿ ಅನ್ನುವ ಒಂದು ಮಾತು, ಅಷ್ಟೇ. ಹೆಣ ಸುಟ್ಟು, ಮಧ್ಯಾಹ್ನ ಕರೆದು ಅವನ ಕೈಗೆ ಬೂದಿಯ ಗಡಿಗೆ ಕೊಟ್ಟರು. ಲಿಂಗವನ್ನು ಬೇರೆ ಪೊಟ್ಟಣದಲ್ಲಿ, ಚಪ್ಪಲಿ ಮತ್ತು ಕನ್ನಡಕದ ಜೊತೆ ಕೊಟ್ಟರು. ಲಿಂಗವಂತರ ಮನೆಗೆ ಬೂದಿ ಹೊತ್ತುಕೊಂಡು ಹೇಗೆ ಹೋಗಲಿ ಎಂದು ರಮೇಶಕುಮಾರ ದಾರಿಯಲ್ಲಿ ಕಾಗಿಣಾ ಹೊಳೆಗೆ ಇಳಿದು ಗಡಿಗೆಯನ್ನು ನೀರಿಗೆ ಬಿಟ್ಟು ಬಂದ.

ಮರುದಿನ ಅವನು ಬರಿಗೈಯಲ್ಲಿ ಊರು ಮುಟ್ಟಿದ ಮೇಲೆ, ಹೊಲದ ಕುಣಿಯನ್ನು ಸಂಜೆಗೆ ಖಾಲಿಯೇ ಮುಚ್ಚಿದರು.

ಹದಿನೈದು ದಿನ ಕಳೆದ ಮೇಲೆ ಲಾಲಮ್ಮ ಬಂದಳು. ಜೊತೆಗೆ ಅವಳ ಮಗಳು ಸುಮಂಗಲಾ ಇದ್ದಳು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಓಣಿಯ ಮಂದಿ ಬಾಗಿಲಿಗೆ ಬಂದು ನಿಂತಿದ್ದರು. ಶಿವಕಾಂತಮ್ಮ ಒಳಗೆ ಬರಲು ಹೇಳಿದರೂ ಲಾಲಮ್ಮ ಕಟ್ಟೆಯ ಮೇಲೆಯೇ ಕುಳಿತಳು. ನೀರು ಕೊಟ್ಟರೆ ಕುಡಿದಳು.

"ನಿಮಗೂ ಮಗ ಹೋದ, ನನಗೂ ಹೋದ. ನಾ ಜಗಳಕ್ಕ ಬಂದಿಲ್ರಿ. ಎಲ್ಲಿಟ್ಟಾನ ಅಂತ ನಿಮ್ಮ ಮುಂದ ಏನರ ಹೇಳ್ಯಾನೇನು? ಹೇಳಿದ್ರ ತಾಯಿ ಮುಂದೇ ಹೇಳಬೇಕಲ್ರಿ, ಅದ್ಕ ಬಂದೆ."

"ನನಗೇನೂ ಹೇಳಿಲ್ಲವ್ವ," ಎಂದಳು ಶಿವಕಾಂತಮ್ಮ.

ಲಾಲಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ತಂಬಿಗೆಯನ್ನು ಬೋರಲು ಇಟ್ಟು ಎದ್ದು ಹೋದಳು.

ಮೂರು ದಿನ ಶಿವಕಾಂತಮ್ಮನಿಗೆ ಅನ್ನ ಇಳಿಯಲಿಲ್ಲ. ನಾಲ್ಕನೆಯ ದಿನ ಶೈಲಶ್ರೀಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಸಾಕ್ಷರತೆಯ ಕ್ಲಾಸಿನಲ್ಲಿ ಕಲಿತ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಲಾಲಮ್ಮನಿಗೆ ಕಾಗದ ಬರೆದಳು. ಬರೆದು ಮುಗಿಸಿದ ಮೇಲೆ ಆಣೆ ನೆನಪಾಯಿತು. ಮಣ್ಣಾಗೋ ತನ ಎಂದಿದ್ದ. ಮಗನಿಗೆ ಮಣ್ಣೆಲ್ಲಿ ಆಯಿತು? ಸುಟ್ಟರು, ಬೂದಿ ನೀರಿಗೆ ಹೋಯಿತು. ಮಣ್ಣಾಗಲಿಲ್ಲ, ಇನ್ನು ಆಗುವುದೂ ಇಲ್ಲ. ಆಣೆ ತೀರುವುದೇ ಇಲ್ಲ. ಹಾಗೆಂದು ಲೆಕ್ಕ ಹಾಕಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜಗಲಿಯ ಮೇಲೆ ದೇವರ ಫೋಟೋದ ಹಿಂದೆ ಇಟ್ಟಳು. ಅದಕ್ಕೆ ಆರು ವರ್ಷವಾಗಿತ್ತು.

ತೊಗರಿಯ ಗುಡ್ಡೆಯ ಮೇಲೆ ಗೋಣಿ ಮುಚ್ಚಿ, ಊಟ ಮಾಡದೆಯೇ ಶಿವಕಾಂತಮ್ಮ ಗುರುಲಿಂಗಯ್ಯನವರ ಮನೆಗೆ ನಡೆದಳು. ಎಂಬತ್ತು ದಾಟಿದ ಅವರು ಪಡಸಾಲೆಯಲ್ಲಿ ಕುಳಿತು ಕನ್ನಡಕದ ಮುರಿದ ಕಡ್ಡಿಗೆ ದಾರ ಸುತ್ತುತ್ತಿದ್ದರು.

"ಬಾರವ್ವ. ನಮ್ಮ ಮನಿ ದಾರಿ ಇನ್ನೂ ನೆನಪದ ಅಂದಂಗಾಯ್ತು. ಕುಂದುರು. ಜೋರಾಗಿ ಮಾತಾಡು, ಎಡಗಿವಿ ರಜಾ ಹಾಕ್ಯದ."

ಜೋರಾಗಿ ಹೇಳುವ ಮಾತಲ್ಲ ಅದು. ಅವಳು ಅವರ ಬಲಗಿವಿಯ ಹತ್ತಿರ ಕುಳಿತು, ಆಣೆ ತೀರದ ಮೊದಲೇ ಬಾಯಿ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದಳು. ಯಾವ ಆಣೆ ಎಂದರು. ಅವಳು ಮುಲಾಖತ್ತಿನ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಜಾಗ ಒಂದನ್ನು ಮಾತ್ರ ಹೇಳಲಿಲ್ಲ. ಅವರು ದಾರ ಸುತ್ತುವುದನ್ನು ನಿಲ್ಲಿಸದೆ ಕೇಳಿದರು.

"ಜಾಗಾ ನೀ ಕೇಳಿದ್ಯೋ, ತಾನೇ ಹೇಳಿದ್ನೋ?"

"ನಾ ಕೇಳಿಲ್ರಿ. ತಾನೇ ಹೇಳಿದ."

"ಹ್ಯಾಂಗ ಹೇಳಿದ?"

"ಹೊಲದ ಚಕ್ಕುಬಂದಿ ಹೇಳಿದಂಗ ಹೇಳಿದ್ರಿ. ಮೂಡಲಕ ಇಂಥಾದ್ದು, ಪಡುವಲಕ ಇಂಥಾದ್ದು ಅಂತ. ನಾ ಮರೀತೀನಿ ಅಂತ ಮೂರು ಸಲ ನನ್ನ ಬಾಯಿಲೆ ಹೇಳಿಸಿದ."

ಗುರುಲಿಂಗಯ್ಯನವರು ಕನ್ನಡಕವನ್ನು ಕೆಳಗಿಟ್ಟರು.

"ಮಣ್ಣಾಗೋ ತನ ಅಂತ ನಾವು ದಿನಾ ನೂರು ಸಲ ಅಂತೀವಲ್ಲ ಶಿವಕಾಂತಮ್ಮ. ಸಾಯೋ ತನ ಅಂತ ಅಷ್ಟೇ. ಆ ಹೊತ್ತಿಗಿ ಅವಂಗ ಇನ್ನಾ ತಡಿ ಬರೋ ಆಸೆ ಇತ್ತು, ಅದ್ಕ ಹೇಳಬ್ಯಾಡ ಅಂದ. ಪೂರಾ ಮುಚ್ಚಿಡೋದಿದ್ರ ನಿನ್ನ ಬಾಯಿಲೆ ಮೂರು ಸಲ ಯಾಕ ಹೇಳಿಸ್ತಾನ?"

ಶಿವಕಾಂತಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಗೊತ್ತಿತ್ರಿ," ಎಂದಳು.

ಅವರಿಗೆ ಕೇಳಿಸಿತೋ ಇಲ್ಲವೋ. ಒಳಗಿನಿಂದ ಸೊಸೆ ಚಹಾ ತಂದಿಟ್ಟಳು. ಅದು ಆರಿ ಕೆನೆಗಟ್ಟುವವರೆಗೂ ಇಬ್ಬರೂ ಹಾಗೇ ಕುಳಿತಿದ್ದರು.

ಮನೆಗೆ ಬರುವ ದಾರಿ ಅವಳಿಗೆ ಉದ್ದವಾಯಿತು. ಗೊತ್ತಿತ್ತು ಎಂದು ಒಮ್ಮೆ ಬಾಯಿಂದ ಬಂದ ಮೇಲೆ ಉಳಿದದ್ದೂ ತಾನಾಗಿ ಬಿಚ್ಚಿಕೊಂಡಿತು. ಹಳಿಯ ಪಕ್ಕ ಸಿಕ್ಕ ಇಬ್ಬರನ್ನು ತನ್ನ ಮಗನೇ ಕೊಂದದ್ದೆಂದು ಅವಳು ಹೇಗೋ ನುಂಗಿಕೊಂಡಿದ್ದಳು. ಆದರೆ ಮೂರನೆಯವನಿಗೆ ಹೆಣವಿರಲಿಲ್ಲ. ಹೆಣವಿಲ್ಲದವನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡಿಹೋಗಿರಬಹುದು, ಅಲ್ಲಿ ಹೆಂಡತಿ ಮಕ್ಕಳನ್ನು ಮಾಡಿಕೊಂಡಿರಬಹುದು ಎಂದು ಮುಲಾಖತ್ತಿಗೆ ಮೊದಲು ಹನ್ನೆರಡು ವರ್ಷ ನಂಬಿದ್ದಳು. ಮಗ ಬಾಯಿಬಿಟ್ಟು ಹೇಳಿದ ಮೇಲೂ, ಆ ಮಾತು ತನ್ನ ಹೊಟ್ಟೆಯಿಂದ ಹೊರಗೆ ಬೀಳದಿದ್ದರೆ ಆ ಒಬ್ಬ ಹುಡುಗ ಸಾಯದೆ ಉಳಿಯುತ್ತಾನೆ, ತನ್ನ ಮಗನ ತಲೆಯ ಮೇಲೆ ಒಂದು ಜೀವ ಕಡಿಮೆ ಇರುತ್ತದೆ ಎಂದುಕೊಂಡಿದ್ದಳು. ಹಾಗೆ ಅಂದುಕೊಳ್ಳಲು ಅವಳಿಗೆ ಮಣ್ಣು ಎಂಬ ಮಾತು ಆಸರೆಯಾಗಿತ್ತು. ಅತ್ತ ಲಾಲಮ್ಮ ಕಣ್ಣು ಮಂಜಾಗುವ ತನಕ ಖಣಿಯಿಂದ ಖಣಿಗೆ ನಡೆದಿದ್ದಳು.

ಶೈಲಶ್ರೀ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಶಿವಕಾಂತಮ್ಮ ನೇರ ಜಗಲಿಗೆ ಹೋಗಿ, ಫೋಟೋದ ಹಿಂದಿನಿಂದ ಕಾಗದ ತೆಗೆದು ಮೊಮ್ಮಗಳ ಕೈಗೆ ಕೊಟ್ಟಳು. ಲಾಲಮ್ಮನ ವಿಳಾಸ ನಿನಗೆ ಗೊತ್ತಿರಬೇಕು, ಬರೆದುಕೊಡು ಎಂದಳು.

ಶೈಲಶ್ರೀ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಮಡಿಕೆ ಬಿಚ್ಚಿದಳು. ಪೆನ್ಸಿಲಿನ ಅಕ್ಷರ ಮಾಸಿತ್ತು, ಆದರೆ ಓದಲು ಬರುತ್ತಿತ್ತು.

'ಲಾಲಮ್ಮಗ ಶಿವಕಾಂತಮ್ಮ ಬರೆಯುವದು. ನಿಮ್ಮ ಮಗ ದೇವಾನಂದ ಹುಣಸಿಗಿಡದ ಖಣಿ ಹತ್ತಿರ ಇರುವದು ತಿಳಿದು ಬಂದಿರುತ್ತದೆ. ಮೂಡಲಕ ಬಿದ್ದ ಗೋಡಿ. ಪಡುವಲಕ ಖಣಿ ನೀರು. ಬಡಗಲಕ ಲಾರಿ ದಾರಿ. ತೆಂಕಲಕ ಜಾಲಿಗಿಡ ಎರಡು. ನಡುವ ಒಡಕು ಕಲ್ಲಿನ ಗುಡ್ಡಿ. ಅದರ ಕೆಳಗ.'

ರೊಟ್ಟಿ ಹಂಚಿನ ಮೇಲೆ ಹೊತ್ತಿ ಹೊಗೆ ಎದ್ದಿತು. ಶಿವಕಾಂತಮ್ಮನೇ ಬಗ್ಗಿ ಅದನ್ನು ತೆಗೆದಿಟ್ಟಳು. ಶೈಲಶ್ರೀ ಇನ್ನೊಮ್ಮೆ ಮೊದಲಿನಿಂದ ಓದಿದಳು.

"ಯಾವಾಗ ಬರದಿ?"

"ಆಕಿ ನಮ್ಮನಿಗಿ ಬಂದು ಹೋದಳಲ್ಲ, ಆಗ."

"ಆರು ವರ್ಷ," ಎಂದಳು ಶೈಲಶ್ರೀ. ದನಿ ಏರಲಿಲ್ಲ. "ನಾ ಆಕಿ ಕೈ ಹಿಡದು ಸೂಜಿ ಚುಚ್ಚೀನಿ ಆಯಿ. ನನ್ನ ಮಗ ಎಲ್ಲಿ ಅಂತ ನಿಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ಲ ಬಿಡವ್ವ ಅಂತ ಆಕಿನೇ ನನಗ ಸಮಾಧಾನ ಹೇಳ್ಯಾಳ."

ಆಣೆಯ ಮಾತು ಶಿವಕಾಂತಮ್ಮನ ನಾಲಗೆಯ ತುದಿಗೆ ಬಂದಿತ್ತು, ನುಂಗಿದಳು.

ಶೈಲಶ್ರೀ ಕಾಗದದ ಮೇಲೆ ಬೆರಳಿಟ್ಟಳು. "ಇದೇನು, ತಿಳಿದು ಬಂದಿರುತ್ತದೆ? ಯಾರಿಗಿ ತಿಳಿದು ಬಂತು? ಇದು ಪೊಲೀಸರ ಪಂಚನಾಮಿ ಮಾತು. ಯಾರು ಮಾಡಿದ್ದು ಅಂತ ಎಲ್ಲದ ಇದರಾಗ?"

"ಅದು ಆಕಿಗಿ ಗೊತ್ತದಲ್ಲ."

"ಆಕಿಗಿ ಗೊತ್ತದ. ನೀ ಹೇಳಿಲ್ಲ."

ಆ ರಾತ್ರಿ ಇಬ್ಬರೂ ಒಣ ರೊಟ್ಟಿ ತಿಂದು ಮಲಗಿದರು. ಶೈಲಶ್ರೀ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾಳೆ ಶಹಾಬಾದಿಗೆ, ಲಾಲಮ್ಮನ ಮನೆಗೆ ಹೋಗಿ ಬಾಯಿಂದಲೇ ಹೇಳೋಣ ನಡಿ ಎಂದು ಒಮ್ಮೆ ಅಂದಳು. ಶಿವಕಾಂತಮ್ಮ ಒಪ್ಪಲಿಲ್ಲ. ಒಮ್ಮೆ ಆಕೆಯ ಮುಖ ನೋಡಿ ಸುಳ್ಳು ಹೇಳಿದ್ದೇನೆ, ಎದುರಿಗೆ ಹೋದರೆ ಮತ್ತೆ ಬಾಯಿ ಕಟ್ಟುತ್ತದೆ, ಕಾಗದಕ್ಕೆ ಬಾಯಿ ಕಟ್ಟುವುದಿಲ್ಲ, ಅದು ಮೊದಲು ಹೋಗಲಿ. ಆಮೇಲೆ ಪೊಲೀಸರು ಕರೆದರೂ ಸರಿ, ಲಾಲಮ್ಮ ಕರೆದರೂ ಸರಿ, ಜಾಗ ತೋರಿಸಲು ನಾನೇ ಬರುತ್ತೇನೆ ಎಂದಳು.

ಬೆಳಿಗ್ಗೆ ಶಿವಕಾಂತಮ್ಮ ಬಾಗಿಲ ಬೆಳಕಿಗೆ ಕುಳಿತು, ಮೊಮ್ಮಗಳ ಪೆನ್ನು ತೆಗೆದುಕೊಂಡಳು. ಹಳೆಯ ಹಾಳೆಯ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಇತ್ತು. 'ತಿಳಿದು ಬಂದಿರುತ್ತದೆ' ಎಂಬುದರ ಮೇಲೆ ಗೆರೆ ಎಳೆದಳು. ಆಮೇಲೆ ಒಂದೊಂದೇ ಅಕ್ಷರ ಕೂಡಿಸಿ ಬರೆದಳು.

'ನಿಮ್ಮ ಮಗನಿಗೆ ನನ್ನ ಮಗ ಸಂಗಮೇಶ್ವರ ಹೊಡದು ಹಾಕ್ಯಾನ. ನನ್ನ ಮುಂದ ಅವನೇ ಹೇಳ್ಯಾನ. ನೀವು ಬಂದ ದಿನ ನಾ ಸುಳ್ಳು ಹೇಳಿದೆ. ಈ ಕಾಗದ ಪೊಲೀಸರಿಗೆ ತೋರಸ್ರಿ.'

ಮಗನ ಹೆಸರಿನ ಒತ್ತಕ್ಷರ ಎರಡು ಸಲ ತಪ್ಪಿತು. ಎರಡು ಸಲವೂ ತಿದ್ದಿದಳು. ಶೈಲಶ್ರೀ ಹಿಂದೆ ನಿಂತು ನೋಡುತ್ತಿದ್ದವಳು ಅಡುಗೆಮನೆಗೆ ಹೋದಳು. ಹೊರಗೆ ಬಂದಾಗ ಅವಳು ಮುಖ ತೊಳೆದುಕೊಂಡಿದ್ದಳು. ದವಾಖಾನೆಗೆ ಫೋನು ಮಾಡಿ ಒಂದು ದಿನದ ರಜೆ ಹೇಳಿದಳು.

ಹತ್ತು ಗಂಟೆಯ ಬಸ್ಸಿಗೆ ಇಬ್ಬರೂ ಸೇಡಮಿಗೆ ಹೋದರು. ಪೋಸ್ಟಾಫೀಸಿನಲ್ಲಿ ಪೆನ್ಶನ್ನಿನ ಮಂದಿಯ ಸಾಲಿತ್ತು. ಶೈಲಶ್ರೀ ಲಕೋಟೆ ಕೊಂಡು, ಲಾಲಮ್ಮನ ವಿಳಾಸ ಬರೆದು, ಓದಿ ಹೇಳಲಿ ಎಂದು ಕೆಳಗೆ ಸುಮಂಗಲಾಳ ಫೋನ್ ನಂಬರನ್ನೂ ಬರೆದಳು. ಕಳಿಸುವವರ ಹೆಸರಿನ ಜಾಗಕ್ಕೆ ಬಂದಾಗ ಅವಳ ಪೆನ್ನು ನಿಂತಿತು. ಶಿವಕಾಂತಮ್ಮ ಲಕೋಟೆಯನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ಬರೆದಳು: ಶಿವಕಾಂತಮ್ಮ, ಸಂಗಮೇಶ್ವರ ಫೌಜದಾರನ ತಾಯಿ, ಮುಧೋಳ.

ಕಿಟಕಿಯ ಹಿಂದಿನ ನಡುವಯಸ್ಸಿನವನು ಲಕೋಟೆಯನ್ನು ತಕ್ಕಡಿಗೆ ಇಟ್ಟ. ಹೆಸರು ಓದಿದ. ತಲೆ ಎತ್ತಿ ಒಮ್ಮೆ ಅವಳನ್ನು ನೋಡಿದ, ಮತ್ತೆ ತಲೆ ತಗ್ಗಿಸಿದ.

"ಒಳಗೇನದ್ರಿ?"

"ಕಾಗದ."

"ಸ್ಪೀಡ್ ಪೋಸ್ಟಿಗಿ ಬರೇ ಕಾಗದಾ?"

"ಹೌದಪ್ಪ. ಮುಟ್ಟಬೇಕು."

"ನಾಳಿ, ತಪ್ಪಿದ್ರ ನಾಡದು ಮುಟ್ತದ."

ಅವನು ಚೀಟಿ ಅಂಟಿಸಿ, ಮುದ್ರೆ ಒತ್ತಿ, ಲಕೋಟೆಯನ್ನು ಹಿಂದೆ ತಿರುಗದೆಯೇ ಚೀಲದೊಳಗೆ ಎಸೆದ. ಶೈಲಶ್ರೀ ರಸೀದಿ ತೆಗೆದುಕೊಂಡಳು. ಶಿವಕಾಂತಮ್ಮ ಮಾತ್ರ ಕಿಟಕಿಯ ಸರಳು ಹಿಡಿದು ಅಲ್ಲೇ ನಿಂತಿದ್ದಳು.

"ಹೋಯ್ತೇನಪ್ಪ?"

"ಹೋಯ್ತ್ರಿ ಆಯಿ. ಸರೀರಿ ಅಕಡಿ, ಹಿಂದ ಮಂದಿ ನಿಂತಾರ."